ಮೊದಲ ಸುತ್ತಿನ ಅಂಜಿಕೆ

ಫಾರ್ಮುಲಾ ರೇಸಿನ ಶುಕ್ರವಾರದ ಅಭ್ಯಾಸವನ್ನು ಕೂತು ನೋಡುವವರು ಕಡಿಮೆ. ಭಾನುವಾರದ ಸ್ಪರ್ಧೆಗಾಗಿ ಕಾಯುವವರ ಕಣ್ಣಿಗೆ ಅದು ಕಾರುಗಳು ಸುಮ್ಮನೆ ಒಳಗೆ ಹೊರಗೆ ಓಡಾಡುವ ಹೊತ್ತು, ಅಷ್ಟೆ. ನಾನು ಮತ್ತು ನನ್ನ ಗೆಳತಿ ಮಾತ್ರ ಚಿಕ್ಕಬಳ್ಳಾಪುರದ ಹಾಸ್ಟೆಲಿನ ಕೋಣೆಯಲ್ಲಿ ಫೋನನ್ನು ಸ್ಟೀಲ್ ಲೋಟಕ್ಕೆ ಒರಗಿಸಿಟ್ಟುಕೊಂಡು ಭಾನುವಾರಕ್ಕಿಂತ ಶುಕ್ರವಾರವನ್ನೇ ಹೆಚ್ಚು ಶ್ರದ್ಧೆಯಿಂದ ನೋಡುತ್ತಿದ್ದೆವು. ಸ್ಪರ್ಧೆಯ ದಿನ ಎಲ್ಲ ಬಯಲಾಗಿಬಿಡುತ್ತದೆ. ಅಭ್ಯಾಸದ ದಿನ ಎಲ್ಲರೂ ಏನಾದರೊಂದನ್ನು ಮುಚ್ಚಿಟ್ಟುಕೊಂಡಿರುತ್ತಾರೆ, ನೋಡುವವರೇ ಬಿಡಿಸಿಕೊಳ್ಳಬೇಕು.

ಪರದೆಯ ಮೇಲೆ ಬರುವ ಪಟ್ಟಿಯಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದಿರುತ್ತದೆ. ಆ ಕಾರಿನಲ್ಲಿ ಇಂಧನ ಎಷ್ಟಿತ್ತು, ಹಾಕಿದ್ದ ಟೈರು ಹೊಸದೋ ಹಳೆಯದೋ ಎಂಬುದನ್ನು ಪಟ್ಟಿ ನಮಗೆ ಹೇಳುತ್ತಿರಲಿಲ್ಲ. ಕೆಂಪು ಪಟ್ಟೆಯ ಮೆತ್ತನೆಯ ಟೈರು ನೆಲವನ್ನು ಗಟ್ಟಿಯಾಗಿ ಹಿಡಿದು ಒಂದು ಸುತ್ತು ಮೆರೆಸಿ ಬೇಗ ಸವೆಯುತ್ತದೆ. ಬಿಳಿ ಪಟ್ಟೆಯ ಗಡಸು ಟೈರು ಬಿಸಿಯೇರುವುದು ತಡ, ಬಾಳುವುದು ಹೆಚ್ಚು. ಹೀಗಿರುವಾಗ ಇಂಧನ ಇಳಿಸಿಕೊಂಡು ಹೊಸ ಕೆಂಪು ಟೈರಿನಲ್ಲಿ ಒಂದೇ ಸುತ್ತು ಓಡಿದವನು ಪಟ್ಟಿಯ ತುದಿಯಲ್ಲಿ ಕೂತರೆ ಅದರಲ್ಲಿ ತಿಳಿಯುವುದೇನು? ಆದರೆ ಹಳೆಯ ಟೈರಿನಲ್ಲೇ ಸುತ್ತಿನ ಮೇಲೆ ಸುತ್ತು ಹೋಗುತ್ತ, ಪ್ರತಿ ಸುತ್ತಿಗೂ ತುಸುವೇ ನಿಧಾನವಾಗುವವನು ಪಟ್ಟಿಯ ನಡುವೆ ಎಲ್ಲೋ ಇರುತ್ತಾನೆ. ಭಾನುವಾರ ಅವನದು. ಗೆಳತಿ ಪಟ್ಟಿಯ ಹೆಸರುಗಳ ಮೇಲೆ ಅಂಗೈ ಮುಚ್ಚಿ, ಬರೀ ಸುತ್ತಿನ ಸಮಯಗಳನ್ನು ನೋಡಿ, ಯಾರ ಕಾರು ನಿಜವಾಗಿಯೂ ಚೆನ್ನಾಗಿದೆ ಎಂದು ಹೇಳುತ್ತಿದ್ದಳು. ನಾನು ಸುಮ್ಮನೆ ಪಟ್ಟಿಯ ಮೊದಲಿಗನನ್ನು ಹೊಗಳಿದರೆ ಅವಳಿಗೆ ರೇಗುತ್ತಿತ್ತು.

"ಟೈರ್ ಯಾವ್ದು ಅಂತ ಹೇಳ್ದೆ ಟೈಮ್ ಹೇಳೋದು, ಯಾವೂರ್ ಬಸ್ಸು ಅಂತ ಹೇಳ್ದೆ ಬಸ್ ಬಂತು ಅಂದಂಗೆ ಕಣೇ," ಎನ್ನುತ್ತಿದ್ದಳು.

ಅವಳು ಶಿಡ್ಲಘಟ್ಟದ ಬಳಿಯ ಹಳ್ಳಿಯವಳು, ರೇಷ್ಮೆ ಬೆಳೆಯುವ ಮನೆಯ ಒಬ್ಬಳೇ ಮಗಳು. ನಾನು ಗೌರಿಬಿದನೂರಿನವಳು. ನಾವು ಓದುತ್ತಿದ್ದ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ತಂಡವೊಂದು ಫಾರ್ಮುಲಾ ಮಾದರಿಯ ಸಣ್ಣ ಒಂಟಿ ಸೀಟಿನ ಕಾರನ್ನು ತಾನೇ ಕಟ್ಟಿ ಅಂತರಕಾಲೇಜು ಸ್ಪರ್ಧೆಗೆ ಒಯ್ಯುತ್ತಿತ್ತು. ಕಾರಿನ ಸೆನ್ಸರುಗಳು ಕೊಡುವ ಅಂಕಿಗಳನ್ನು ಓದುವುದು ನನ್ನ ಕೆಲಸವಾಗಿತ್ತು. ಅವಳು ಇಬ್ಬರು ಚಾಲಕರಲ್ಲಿ ಒಬ್ಬಳು. ಇನ್ನೊಬ್ಬ ಚಿಂತಾಮಣಿಯವನು, ಸೋಮಾರಿ, ಆದರೆ ಸ್ಟೀರಿಂಗ್ ಹಿಡಿದರೆ ಕೈ ಬಹಳ ಚುರುಕು. ಸ್ಪರ್ಧೆಯ ಕೊನೆಯ ದಿನದ ದೀರ್ಘ ಓಟಕ್ಕೆ ನಮ್ಮ ತಂಡ ಒಬ್ಬರನ್ನಷ್ಟೇ ಕೂರಿಸುತ್ತಿತ್ತು. ಅದು ಅವಳೋ ಅವನೋ ಎಂಬುದು ಅಭ್ಯಾಸದಲ್ಲಿ ತೀರ್ಮಾನವಾಗಬೇಕಿತ್ತು. ಗೆಳತಿಗೆ ಅದು ಕೊನೆಯ ವರ್ಷ, ಆ ಸೀಟಿಗಾಗಿ ಅವಳು ಮೂರು ವರ್ಷ ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಮಲಗಿದ್ದಳು.

ಗೌರಿಬಿದನೂರಿನ ಹೊರಗೆ ಕೈಗಾರಿಕೆಗೆಂದು ಬಿಟ್ಟು ಇನ್ನೂ ಯಾರೂ ಬಾರದ ಬಡಾವಣೆಯೊಂದರ ಟಾರು ರಸ್ತೆಯಲ್ಲಿ ಭಾನುವಾರಗಳಂದು ನಮ್ಮ ಅಭ್ಯಾಸ ನಡೆಯುತ್ತಿತ್ತು. ಸುಗ್ಗಿಯ ಕಾಲದಲ್ಲಿ ಸುತ್ತಲಿನವರು ಅಲ್ಲಿ ರಾಗಿ ತೆನೆ ಹರಡುತ್ತಿದ್ದರು. ಅವರನ್ನು ಒಪ್ಪಿಸಿ, ಹೊಟ್ಟು ಗುಡಿಸಿ, ಕೆಂಪು ಪ್ಲಾಸ್ಟಿಕ್ ಕೋನುಗಳನ್ನಿಟ್ಟು ದಾರಿ ಮಾಡಿಕೊಳ್ಳುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಮೆತ್ತನೆಯ ರೇಸಿಂಗ್ ಟೈರುಗಳು ನಮ್ಮಲ್ಲಿ ನಾಲ್ಕು ನಾಲ್ಕರ ಎರಡು ಜೊತೆ ಇದ್ದವು. ಕಾಲೇಜಿನ ವರ್ಕ್‌ಶಾಪಿನ ತಗಡಿನ ಸೂರು ಕಾದು ಟೈರು ಹಾಳಾಗುತ್ತವೆಂದು, ತಂಡದ ಹೊಣೆ ಹೊತ್ತಿದ್ದ ಪ್ರಾಧ್ಯಾಪಕರು ಒಂದು ನಿಯಮ ಮಾಡಿದ್ದರು. ಒಬ್ಬೊಬ್ಬ ಚಾಲಕನಿಗೆ ಒಂದೊಂದು ಜೊತೆ. ಮನೆಗೆ ಒಯ್ದು ಕಾಪಾಡಬೇಕು, ಅಭ್ಯಾಸಕ್ಕೆ ತರಬೇಕು. ಅವರವರ ಟೈರಿಗೆ ಅವರವರೇ ಹೊಣೆ.

ಚಿಂತಾಮಣಿಯವನು ತನ್ನವನ್ನು ಗೋಣಿಚೀಲದಲ್ಲಿ ಸುತ್ತಿ ಮನೆಯ ಮೆಟ್ಟಿಲ ಕೆಳಗೆ ತಳ್ಳಿದ್ದ. ಪ್ರತಿ ಭಾನುವಾರವೂ ಅವು ಜೇಡರ ಬಲೆ ಸಮೇತ ಬರುತ್ತಿದ್ದವು. ಗೆಳತಿಯ ಟೈರುಗಳು ಆಗತಾನೆ ಸ್ನಾನ ಮಾಡಿಸಿ ತಂದ ಮಕ್ಕಳಂತೆ ಬರುತ್ತಿದ್ದವು. ಒಂದು ಕಲ್ಲು ಇಲ್ಲ, ಒಂದು ಹುಲ್ಲುಕಡ್ಡಿ ಇಲ್ಲ. ಪ್ರಾಧ್ಯಾಪಕರು ಎಲ್ಲರ ಮುಂದೆ ಅವುಗಳನ್ನು ತೋರಿಸಿ, ಹೀಗೆ ನೋಡಿಕೊಳ್ಳಬೇಕು ಎಂದು ಚಿಂತಾಮಣಿಯವನನ್ನು ಗದರುತ್ತಿದ್ದರು.

ಆದರೂ ಅವಳು ನಿಧಾನವಾಗಿದ್ದಳು. ಮೊದಲ ಸುತ್ತಿನಲ್ಲಿ ಬಹಳ ನಿಧಾನ, ಆಮೇಲೆ ಸುತ್ತಿನಿಂದ ಸುತ್ತಿಗೆ ಚೇತರಿಕೆ, ಕೊನೆಕೊನೆಗೆ ಅವನ ಸಮಯದ ಹತ್ತಿರ ಬಂದು ನಿಲ್ಲುತ್ತಿದ್ದಳು. ಮುಂದಿನ ಭಾನುವಾರ ಮತ್ತೆ ಮೊದಲಿನಿಂದ ಅದೇ ಕಥೆ. ತಂಡದ ಸಭೆಯಲ್ಲಿ ಪ್ರಾಧ್ಯಾಪಕರು ಅವಳ ಸುತ್ತಿನ ಸಮಯಗಳ ರೇಖೆಯನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ತೋರಿಸಿ, ಬೈಯದೆ, ಬಹಳ ಮರುಕದಿಂದ ಒಂದು ಮಾತು ಹೇಳಿದರು.

"ಇದು ಹೆದರಿಕೆ ರೇಖೆ. ಹೆಣ್ಣುಮಕ್ಕಳಿಗೆ ಧೈರ್ಯ ಬರೋದಕ್ಕೆ ಸ್ವಲ್ಪ ಹೊತ್ತು ಬೇಕು. ಅದರಲ್ಲಿ ತಪ್ಪೇನಿಲ್ಲಮ್ಮ. ಆದ್ರೆ ದೀರ್ಘ ಓಟದಲ್ಲಿ ಆ ಹೊತ್ತು ನಮಗಿರಲ್ಲ."

ಬೈದಿದ್ದರೆ ಅವಳು ತಿರುಗಿ ಅನ್ನುತ್ತಿದ್ದಳೇನೋ. ಮರುಕಕ್ಕೆ ಉತ್ತರ ಕೊಡುವುದು ಕಷ್ಟ. ಅವಳು ತಲೆಯಾಡಿಸಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಸಣ್ಣಗೆ ನಕ್ಕರು. ಅಂದಿನಿಂದ ತಂಡದಲ್ಲಿ ಅವಳು ಗಾಡಿ ಹತ್ತುವಾಗಲೆಲ್ಲ ಹಾರ್ಲಿಕ್ಸ್ ಕುಡಿದು ಬಂದಿದ್ದೀಯಾ ಎಂದು ಕೇಳುವುದು ವಾಡಿಕೆಯಾಯಿತು.

ನನಗೆ ಸಿಟ್ಟು ಬಂದದ್ದು ಗೆಳತಿಯ ಪರವಾಗಿ ಮಾತ್ರವಲ್ಲ, ಅಂಕಿಗಳ ಪರವಾಗಿಯೂ ಹೌದು. ಅಂಕಿಗಳ ಬಾಯಿಗೆ ನಮ್ಮ ಮಾತು ತುರುಕಿ, ಅವೇ ಹೇಳಿದವು ಎನ್ನುವುದು ವಿದ್ಯಾವಂತರು ಮಾತ್ರ ಮಾಡಬಲ್ಲ ಅನ್ಯಾಯ. ಹೆದರಿಕೆ ಎಂಬುದು ಕಾರಿನೊಳಗೆ ಎಲ್ಲಿ ಕಾಣಿಸಬೇಕು? ಬ್ರೇಕಿನಲ್ಲಿ. ಹೆದರಿದವರು ತಿರುವಿಗೆ ಮುಂಚೆಯೇ ಬ್ರೇಕ್ ಒತ್ತುತ್ತಾರೆ, ಮೆಲ್ಲಗೆ ಒತ್ತುತ್ತಾರೆ, ನೇರ ದಾರಿಯಲ್ಲೂ ಕಾಲು ಎತ್ತುತ್ತಾರೆ. ನಾನು ಅವಳ ಮೊದಲ ಸುತ್ತುಗಳನ್ನೆಲ್ಲ ಬಿಡಿಸಿ ನೋಡಿದೆ. ಅವಳು ಬ್ರೇಕ್ ಒತ್ತಿದ ಜಾಗ ಚಿಂತಾಮಣಿಯವನು ಒತ್ತಿದ ಜಾಗವೇ. ಒತ್ತಿದ ಬಿರುಸು ತುಸು ಹೆಚ್ಚೇ ಇತ್ತು. ತಿರುವಿನೊಳಗೆ ಮಾತ್ರ ಅವಳು ಸ್ಟೀರಿಂಗನ್ನು ಅವನಿಗಿಂತ ಬಹಳ ಹೆಚ್ಚು ತಿರುಗಿಸಬೇಕಾಗಿತ್ತು. ಅಂದರೆ ಕಾರು ಅವಳ ಮಾತು ಕೇಳುತ್ತಿರಲಿಲ್ಲ, ಜಾರುತ್ತಿತ್ತು. ಮೆತ್ತನೆಯ ಟೈರು ಓಡಿದಷ್ಟೂ ಹಿಡಿತ ಕಳೆದುಕೊಳ್ಳಬೇಕು. ಅವಳ ಟೈರು ಓಡಿದಷ್ಟೂ ಹಿಡಿತ ಗಳಿಸುತ್ತಿತ್ತು. ಇದಕ್ಕೆ ಎಲ್ಲರೂ ಅವಳ ಮನಸ್ಸಿನಲ್ಲಿ ಕಾರಣ ಹುಡುಕಿದ್ದರು, ರಬ್ಬರಿನಲ್ಲಿ ಯಾರೂ ಹುಡುಕಿರಲಿಲ್ಲ.

ಪ್ರಾಧ್ಯಾಪಕರ ಬಳಿ ಹೋಗಿ, ಒಂದು ದಿನ ಇಬ್ಬರ ಟೈರುಗಳನ್ನು ಅದಲುಬದಲು ಮಾಡಿ ಓಡಿಸಿ ನೋಡೋಣ ಎಂದು ಕೇಳಿದೆ. ಅವರು ನನ್ನ ರೇಖೆಗಳನ್ನು ತಾಳ್ಮೆಯಿಂದಲೇ ನೋಡಿದರು. ಎರಡೂ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬಂದವು, ಒಂದೇ ದಿನ ಹಂಚಿದ್ದು, ಅವಳದ್ದಂತೂ ಹೆಚ್ಚು ಚೆನ್ನಾಗಿದೆ, ಕಣ್ಣಿಗೇ ಕಾಣುತ್ತದೆ ಎಂದರು. ಅಭ್ಯಾಸಕ್ಕೆ ಉಳಿದಿದ್ದು ಒಂದೇ ಭಾನುವಾರ, ಅದನ್ನು ಇಂಥದ್ದಕ್ಕೆ ಕಳೆಯಲಾಗದು ಎಂದರು. ಗೆಳೆತನ ಬೇರೆ, ಡೇಟಾ ಬೇರೆ ಎಂಬ ಉಪದೇಶವನ್ನೂ ಕೊಟ್ಟು ಕಳಿಸಿದರು.

ಆ ವಾರ ನಾನು ಗೆಳತಿಯ ಊರಿಗೆ ಹೋದೆ. ಅವಳ ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಹಿಪ್ಪುನೇರಳೆ ತೋಟ, ಬೋರ್‌ವೆಲ್, ಹಿಂದೊಮ್ಮೆ ಪಂಚಾಯಿತಿ ಸದಸ್ಯಗಿರಿ, ಇವೆಲ್ಲಕ್ಕಿಂತ ಹೆಚ್ಚಾಗಿ ತನ್ನ ಹುಳು ಮನೆಯ ಶುದ್ಧಿಯ ಬಗ್ಗೆ ಜಂಬ ಇದ್ದ ಮನುಷ್ಯ. ಊರೆಲ್ಲ ಸುಣ್ಣಕಟ್ಟು ರೋಗಕ್ಕೆ ಹುಳು ಕಳೆದುಕೊಂಡ ವರ್ಷವೂ ತನ್ನ ಗೂಡು ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೆ ಹೋಯಿತು ಎಂಬುದನ್ನು ನಾನು ಚಪ್ಪಲಿ ಬಿಡುವಷ್ಟರಲ್ಲೇ ಹೇಳಿಬಿಟ್ಟಿದ್ದರು. ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ತೊಟ್ಟಿ ಇತ್ತು. ಯಾರೇ ಒಳಗೆ ಹೋದರೂ ಅದರಲ್ಲಿ ಕಾಲು ಅದ್ದಲೇಬೇಕು. ನಾನು ಅದ್ದಲು ಹೋದಾಗ ಅವರು ಮೂಗು ಅರಳಿಸಿ ತಡೆದರು.

"ಮಕಕ್ಕೆ ಪೌಡರ್ ಹಾಕ್ಕೊಂಡಿದ್ದೀಯೇನಮ್ಮಾ? ಆ ವಾಸ್ನೆ ಹುಳಕ್ಕೆ ಆಗಲ್ಲ. ಹಂಗಾದ್ರೆ ಒಳಕ್ ಬ್ಯಾಡ. ಕಿಟಕೀಲಿ ನೋಡು, ಅಲ್ಲಿಂದ್ಲೂ ಚೆನ್ನಾಗೇ ಕಾಣ್ತವೆ."

ಕಿಟಕಿಯಿಂದ ನೋಡಿದೆ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು. ಹಿತ್ತಿಲ ಕಡೆ ಬಂದಾಗ ನಮ್ಮ ಟೈರುಗಳು ಕಂಡವು. ಮರಿಹುಳು ಸಾಕಲು ಹಿಂದೆ ಬಳಸುತ್ತಿದ್ದ ಸಣ್ಣ ಚಾಕಿ ಕೋಣೆ ಈಗ ಖಾಲಿ ಇತ್ತು. ಗೆಳತಿಯ ಟೈರುಗಳ ವಾಸ ಅಲ್ಲೇ. ಕೋಣೆಯ ಹೊರಗೆ ಕಲ್ಲಿನ ಮೇಲೆ ಕೂತು ಆಳೊಬ್ಬ ಅವುಗಳನ್ನು ತೊಳೆಯುತ್ತಿದ್ದ. ಅವಳ ಅಪ್ಪ ಪಕ್ಕದಲ್ಲಿ ನಿಂತು, ಅಂಚನ್ನು ಉಜ್ಜು, ಗೀರಿನೊಳಗೆ ಉಜ್ಜು ಎಂದು ಹೇಳುತ್ತಿದ್ದರು. ಬಕೆಟ್ಟಿನಲ್ಲಿದ್ದದ್ದು ಬಾಗಿಲಿನ ತೊಟ್ಟಿಯಲ್ಲಿದ್ದ ನೀರೇ. ಹೊರಗಿನ ಧೂಳು ಮೆತ್ತಿಕೊಂಡ ಯಾವುದೂ ಬ್ಲೀಚಿಂಗ್ ನೀರಿನಲ್ಲಿ ಮೀಯದೆ ಹುಳು ಮನೆಯ ಸೂರಿನ ಕೆಳಗೆ ಬರುವಂತಿಲ್ಲ. ತಟ್ಟೆಗೂ ಬಲೆಗೂ ಗೂಡು ಕಟ್ಟಿಸುವ ಚಂದ್ರಿಕೆಗೂ ಇರುವ ಕಟ್ಟಳೆ ಟೈರಿಗೂ ಇತ್ತು. ತೊಳೆದ ಮೇಲೆ ಕೋಣೆಯಲ್ಲಿಟ್ಟು, ಇನ್ನೊಂದಿಷ್ಟು ಪುಡಿ ಚೆಲ್ಲಿ, ಬಾಗಿಲ ಸಂದಿಗೆ ಗೋಣಿ ತುರುಕಿ ಮುಚ್ಚುತ್ತಿದ್ದರು. ಒಳಗೆ ಕಣ್ಣು ಉರಿಯುವ ವಾಸನೆ.

ಒಣಗುತ್ತಿದ್ದ ಟೈರಿನ ಮೇಲೆ ಉಗುರು ಊರಿದೆ. ರೇಸಿಂಗ್ ಟೈರಿಗೆ ಉಗುರು ಊರಿದರೆ ಗುರುತು ಬೀಳಬೇಕು. ಇದು ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿತ್ತು, ಉಗುರಿಗೆ ತೆಳ್ಳನೆಯ ಬೂದು ಬಣ್ಣ ಹತ್ತಿತು. ಆ ನೀರೂ ಆ ಹಬೆಯೂ ವಾರವಾರವೂ ರಬ್ಬರಿನ ಮೈಯನ್ನು ಕೊಂದು ಗಡಸು ಸಿಪ್ಪೆ ಕಟ್ಟಿಸುತ್ತಿದ್ದವು. ಭಾನುವಾರ ಅವಳು ಮೊದಲ ಸುತ್ತುಗಳಲ್ಲಿ ಜಾರುತ್ತ ಜಾರುತ್ತ ಆ ಸಿಪ್ಪೆಯನ್ನು ಟಾರಿಗೆ ಉಜ್ಜಿ ಕಳೆಯುತ್ತಿದ್ದಳು. ಕೆಳಗಿನ ಮೆತ್ತನೆಯ ರಬ್ಬರು ಹೊರಬಿದ್ದಾಗ ಅವಳಿಗೆ ಧೈರ್ಯ ಬಂತೆಂದು ಗೋಡೆಯ ಮೇಲೆ ಬರೆಯಲಾಗುತ್ತಿತ್ತು.

ಸೊಪ್ಪಿನ ತೋಟದ ಬದುವಿನಲ್ಲಿ ಕೂತು ಇದನ್ನೆಲ್ಲ ಹೇಳಿದೆ. ಅವಳು ಖುಷಿಪಡುತ್ತಾಳೆಂದುಕೊಂಡಿದ್ದೆ. ಅವಳ ಮುಖ ಸಣ್ಣದಾಯಿತು. ಟೈರಿನ ಮೇಲೆ ಅಪ್ಪನಿಗಿರುವ ಅಕ್ಕರೆ ನನಗೆ ಗೊತ್ತಿಲ್ಲ ಎಂದಳು. ಮಗಳು ಕಾರು ಓಡಿಸುವುದನ್ನು ನೆಂಟರೆಲ್ಲ ಆಡಿಕೊಂಡಾಗ ಅವರು ಬಾಯಲ್ಲಿ ಏನೂ ಹೇಳಿರಲಿಲ್ಲವಂತೆ. ಟೈರುಗಳನ್ನು ಚಾಕಿ ಕೋಣೆಗೆ ಸೇರಿಸಿಕೊಂಡರಂತೆ, ಅಷ್ಟೆ. ಹುಳು ಮನೆಗೆ ಸೇರಿಸಿಕೊಂಡ ವಸ್ತು ಮನೆಯ ವಸ್ತು. ಈಗ ಅದೇ ಅವಳ ಸೀಟು ಕಳೆಯಿತೆಂದು ಹೇಗೆ ಹೇಳುವುದು?

"ಸೀಟ್ ಹೋದ್ರೆ ಹೋಗ್ಲಿ ಕಣೇ. ಅಪ್ಪನ ಕೈ ತಪ್ಪು ಅಂತ ನೀನು ಸಭೇಲಿ ತೋರಿಸ್ಬೇಡ."

ಅಪ್ಪನ ಕೈಯನ್ನು ತೋರಿಸಬೇಕಾಗಿಲ್ಲ, ಓದಿದವರ ಕಣ್ಣನ್ನು ತೋರಿಸಬೇಕು ಎಂದೆ. ಟೈರು ಎಲ್ಲಿತ್ತು ಎಂದು ಒಂದು ದಿನವಾದರೂ ಯಾರಾದರೂ ಕೇಳಿದರೇ ಎಂದೆ. ನಿನಗೆ ನ್ಯಾಯವೆಂದರೆ ಸುಲಭ, ನೀನು ವಾದ ಮಾಡಿ ಬಸ್ಸು ಹತ್ತುತ್ತೀಯ ಎಂದಳು. ಅದು ಸರಿಯಾದ ಮಾತೇ. ಹೊಣೆಗಾರಿಕೆಯನ್ನು ನಾನು ಯಾವಾಗಲೂ ಮೇಲಿನವರ ಕಡೆಗೆ ಬೆರಳು ಮಾಡಿ ಕೇಳಿದವಳು. ಆ ಬೆರಳು ಮೇಲಕ್ಕೆ ಹೋಗುವ ದಾರಿಯಲ್ಲಿ ಪ್ರೀತಿಯಿಂದ ಟೈರು ತೊಳೆಸಿದವನೊಬ್ಬ ನಿಂತಿದ್ದಾನೆಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಆದರೂ ಒಂದು ವಿಷಯದಲ್ಲಿ ನಾನು ಜಗ್ಗಲಿಲ್ಲ. ಸೀಟು ಹೋಗಬಹುದು, ಆದರೆ ಹೆದರಿಕೆ ಎಂಬ ಹೆಸರು ಅವಳಿಗೆ ಅಂಟಿಕೊಂಡರೆ ಅವಳ ನಂತರ ಆ ಕಾರಿಗೆ ಕೈಯಿಡುವ ಪ್ರತಿ ಹುಡುಗಿಗೂ ಅದು ಅಂಟುತ್ತದೆ ಎಂದೆ. ಅವಳು ಸೊಪ್ಪಿನ ಎಲೆಯೊಂದನ್ನು ಚೂರು ಚೂರು ಮಾಡಿ ಎದ್ದಳು.

ಊಟದ ಹೊತ್ತಿಗೆ, ಮುದ್ದೆ ಮುರಿಯುತ್ತಿದ್ದ ಅಪ್ಪನಿಗೆ ಅವಳೇ ಹೇಳಿದಳು. ಸುತ್ತುಬಳಸಲಿಲ್ಲ. ಬ್ಲೀಚಿಂಗ್ ನೀರು ಟೈರಿಗೆ ಆಗಿಬರುವುದಿಲ್ಲ, ಅದಕ್ಕೇ ಜಾರುತ್ತಿದೆ ಎಂದಳು. ಹೆದರುತ್ತಾಳೆಂದು ಕಾಲೇಜಿನಲ್ಲಿ ಅಂದದ್ದನ್ನು ನಾನು ಸೇರಿಸಿದೆ. ಅವರು ಮುರಿದ ಮುದ್ದೆಯನ್ನು ತಟ್ಟೆಗೆ ಇಟ್ಟರು. ಕೋಪ ಬಂದದ್ದು ಎರಡನೆಯ ಮಾತಿಗೆ.

"ಏಮಮ್ಮಾ, ನಮ್ ಮಗು ಹೆದರ್ತಾಳೆ ಅಂದ್ರಾ? ನೀರು ನಂದು, ಪೌಡರ್ ನಂದು. ಇವಳನ್ಯಾಕೆ ಅಂತಾರೆ?"

ಭಾನುವಾರ ಅವರು ಅಭ್ಯಾಸದ ರಸ್ತೆಗೆ ಬಂದೇಬಿಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಪಂಚಾಯಿತಿ ಕಾಲದ ನಡಿಗೆ. ಪ್ರಾಧ್ಯಾಪಕರಿಗೆ ಕೈಮುಗಿದು, ಹುಡುಗರೆಲ್ಲ ಕೇಳಿಸಿಕೊಳ್ಳುವಂತೆ, ಹುಳು ಮನೆಯ ಬ್ಲೀಚಿಂಗ್ ನೀರಿನಲ್ಲಿ ತೊಳೆಸಿ ಟೈರು ಕೆಡಿಸಿದ್ದು ತಾನೇ ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಕುಗ್ಗುವಿಕೆಯೇ ಇರಲಿಲ್ಲ, ತನ್ನ ಮನೆಯ ಶುದ್ಧಿಯ ಜಂಬವೇ ಅರ್ಧ ಇತ್ತು.

"ನನ್ ತಪ್ಪು ನಾನ್ ಹೇಳ್ದೆ ಮೇಷ್ಟ್ರೇ. ಮಗೂಗೆ ಅಂದ ಮಾತು ನಿಮ್ದು. ಅದನ್ನ ನೀವ್ ನೋಡ್ಕಳಿ."

ಪ್ರಾಧ್ಯಾಪಕರು ಮೊದಲು ಪರೀಕ್ಷೆಯಾಗಲಿ ಎಂದರು. ಹಿಂದಿನ ವಾರ ನಾನು ಬೇಡಿದ್ದ ಅದಲುಬದಲಿಗೆ ಈಗ ಸಮಯವಿತ್ತು. ಇದನ್ನು ನಾನು ಮರೆತಿಲ್ಲ. ಅಂಕಿ ತೋರಿಸಿದ ವಿದ್ಯಾರ್ಥಿನಿಗೆ ಸಿಗದ ಭಾನುವಾರ ಬಿಳಿ ಅಂಗಿಯ ತಂದೆಗೆ ಸಿಕ್ಕಿತು.

ಜೇಡರ ಬಲೆಯ ಟೈರುಗಳನ್ನು ಹಾಕಿಕೊಂಡು ಗೆಳತಿ ಹೊರಟಳು. ಮೊದಲ ಸುತ್ತಿನ ಮೊದಲ ತಿರುವಿನಲ್ಲಿ ಕಾರು ಅವಳು ಹೇಳಿದ ಕಡೆ ತಿರುಗಿತು. ಸುತ್ತು ಮುಗಿದಾಗ ನನ್ನ ಪರದೆಯ ಮೇಲಿನ ಸಮಯ ಚಿಂತಾಮಣಿಯವನ ಒಳ್ಳೆಯ ಸಮಯಕ್ಕಿಂತ ಕೂದಲೆಳೆಯಷ್ಟು ಹಿಂದಿತ್ತು. ಸತ್ಯ ಹೇಳಬೇಕು, ಒಂದು ಸುತ್ತಿನ ವೇಗದಲ್ಲಿ ಅವನೇ ಮುಂದು. ಆದರೆ ಅವಳು ನಿಲ್ಲಲಿಲ್ಲ. ಸುತ್ತಿನ ಮೇಲೆ ಸುತ್ತು ಹೋದಳು, ಮತ್ತು ಅವಳ ಸಮಯ ಏರಲೊಲ್ಲದು. ವಾರಗಟ್ಟಲೆ ಜಾರುವ ಟೈರಿನಲ್ಲಿ ಓಡಿಸಿ ಅವಳ ಕೈ ನಯವಾಗಿಬಿಟ್ಟಿತ್ತು, ರಬ್ಬರನ್ನು ದಂಡ ಮಾಡದೆ ತಿರುಗಿಸುವುದನ್ನು ಅವಳು ತನಗೇ ತಿಳಿಯದೆ ಕಲಿತಿದ್ದಳು. ಹಾಸ್ಟೆಲಿನ ಶುಕ್ರವಾರಗಳಲ್ಲಿ ಅಂಗೈ ಮುಚ್ಚಿ ನಾವು ಹುಡುಕುತ್ತಿದ್ದ, ಪಟ್ಟಿಯ ನಡುವೆ ಎಲ್ಲೋ ಇರುವ ಆ ರೇಖೆ ನನ್ನ ಪರದೆಯ ಮೇಲೆ ಬೆಳೆಯುತ್ತಿತ್ತು.

ಆಮೇಲೆ ಚಿಂತಾಮಣಿಯವನು ಬ್ಲೀಚಿಂಗ್ ಟೈರಿನಲ್ಲಿ ಹೊರಟ. ಮೊದಲ ತಿರುವಿನಲ್ಲೇ ಎರಡು ಕೋನುಗಳನ್ನು ಎಳೆದುಕೊಂಡು ಪಕ್ಕದ ರಾಗಿ ಹೊಟ್ಟಿನೊಳಗೆ ನುಗ್ಗಿದ. ಹೆಲ್ಮೆಟ್ ತೆಗೆದು, ಮೈ ಕೊಡವಿಕೊಂಡು ಬಂದು ನನ್ನ ಗೆಳತಿಯ ಮುಂದೆ ನಿಂತ.

"ಇದ್ರಲ್ಲಿ ಇಷ್ಟ್ ದಿನ ಓಡ್ಸಿದ್ಯಾ ತಾಯಿ? ನಂಗ್ ಒಂದು ಲೋಟ ಹಾರ್ಲಿಕ್ಸ್ ಕೊಡ್ಸು."

ಎಲ್ಲರೂ ನಕ್ಕರು. ಅವಳ ಅಪ್ಪ ಅಷ್ಟರಲ್ಲಿ ಹೊರಟುಹೋಗಿದ್ದರು, ಹುಳುಗಳಿಗೆ ಮಧ್ಯಾಹ್ನದ ಸೊಪ್ಪಿನ ಹೊತ್ತಾಗಿತ್ತು. ಫಲಿತಾಂಶ ನೋಡಲು ಹುಳು ಕಾಯುವುದಿಲ್ಲ.

ಮುಂದಿನ ಸಭೆಯಲ್ಲಿ ದೀರ್ಘ ಓಟದ ಸೀಟು ಅವಳದೆಂದು ಪ್ರಾಧ್ಯಾಪಕರು ಪ್ರಕಟಿಸಿದರು. ಚಪ್ಪಾಳೆಯಾಯಿತು. ಅವರು ಮುಂದಿನ ವಿಷಯಕ್ಕೆ ಹೋಗುವವರಿದ್ದರು. ನಾನು ಎದ್ದು ನಿಂತೆ. ಸೀಟು ಬಂತು, ಮಾತು ಇನ್ನೂ ಗೋಡೆಯ ಮೇಲೇ ಇದೆ ಎಂದೆ. ಇದೇ ಕೋಣೆಯಲ್ಲಿ, ಇಷ್ಟೇ ಜನರ ಮುಂದೆ ಆಡಿದ ಮಾತು, ಇಲ್ಲೇ ವಾಪಸಾಗಬೇಕು ಎಂದೆ. ಅವರಿಗೆ ಇರುಸುಮುರುಸಾಯಿತು. ಕನ್ನಡಕ ಒರೆಸಿಕೊಂಡು, ಟೈರಿನ ವಿಷಯ ಆಗ ತಮಗೆ ಗೊತ್ತಿರಲಿಲ್ಲವಲ್ಲ, ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ ಎಂದರು.

ನಾನು ಬಾಯಿ ತೆರೆಯುವ ಮೊದಲು, ಅಷ್ಟು ದಿನ ತಲೆಯಾಡಿಸಿಕೊಂಡೇ ಇದ್ದವಳು, ಕೂತಲ್ಲಿಂದಲೇ ಮೆಲ್ಲಗೆ ಹೇಳಿದಳು.

"ಗೊತ್ತಿರ್ಲಿಲ್ಲ ಅಂತಲ್ಲ ಸಾರ್. ಕೇಳ್ಲಿಲ್ಲ."

ಅವರು ಅವಳನ್ನು ನೋಡಿದರು. ಮೊದಲ ಸಲ ಅವರ ಮುಖದಲ್ಲಿ ಮರುಕ ಇರಲಿಲ್ಲ ಎಂಬುದು ನನಗೆ ನೆನಪಿದೆ.

"ಹೌದಮ್ಮ," ಎಂದರು. "ಕೇಳ್ಲಿಲ್ಲ."

ಅಷ್ಟೇ. ಅದಕ್ಕಿಂತ ದೊಡ್ಡ ಮಾತು ಅವರಿಂದ ಬರಲಿಲ್ಲ. ಇಷ್ಟು ಸಾಕೇ ಎಂಬುದರ ಬಗ್ಗೆ ನಾನೂ ಅವಳೂ ಇಂದಿಗೂ ಜಗಳವಾಡುತ್ತೇವೆ. ಸಾಕು ಎನ್ನುತ್ತಾಳೆ ಅವಳು. ಹಾರ್ಲಿಕ್ಸ್ ಎಂದು ನಗುವಾಗ ಎಲ್ಲರೂ ನಕ್ಕಿದ್ದರು, ಒಪ್ಪಿಕೊಂಡದ್ದು ಒಬ್ಬರು ಮಾತ್ರ ಎಂಬುದು ನನ್ನ ತಕರಾರು.

ಸ್ಪರ್ಧೆಗೆ ಹೊರಡುವ ಮುನ್ನ ಟೈರು ತರಲು ಅವಳ ಊರಿಗೆ ಹೋಗಿದ್ದೆವು. ಅವು ಚಾಕಿ ಕೋಣೆಯಲ್ಲಿರಲಿಲ್ಲ. ಚಿಂತಾಮಣಿಯವನ ವಿಧಾನವನ್ನು ಮಗಳಿಂದ ಕೇಳಿ ತಿಳಿದ ಅಪ್ಪ, ಅವುಗಳನ್ನು ಗೋಣಿಯಲ್ಲಿ ಸುತ್ತಿ ಮೆಟ್ಟಿಲ ಕೆಳಗಿಟ್ಟಿದ್ದರು. ಮೇಲಿನ ಸಿಪ್ಪೆಯನ್ನು ಹುಡುಗರು ಆ ಭಾನುವಾರವೇ ಸುತ್ತು ಹಾಕಿ ಉಜ್ಜಿ ಕಳೆದಿದ್ದರು. ಗೋಣಿಯ ಮೇಲೆ ಆಗಲೇ ಒಂದು ಜೇಡ ತನ್ನ ಕೆಲಸ ಶುರುಮಾಡಿತ್ತು. ಅವರು ಅದನ್ನು ಸಂಕಟದಿಂದ ನೋಡಿದರು. ಕೈ ತಾನಾಗಿಯೇ ಹೆಗಲ ಟವೆಲಿನ ಕಡೆಗೆ ಹೋಯಿತು, ನಡುದಾರಿಯಲ್ಲಿ ನಿಂತಿತು.

"ಒರೆಸ್ಬೋದಾ, ಅದೂ ಬ್ಯಾಡ್ವಾ?" ಎಂದು ಮಗಳನ್ನು ಕೇಳಿದರು.

ಒಣಬಟ್ಟೆಯಲ್ಲಾದರೆ ಒರೆಸಿ ಅಪ್ಪ, ಎಂದಳು ಅವಳು. ಅವರು ನೆಲಕ್ಕೆ ಕೂತು, ಟವೆಲನ್ನು ಎರಡು ಸಲ ಕೊಡವಿ ಒದ್ದೆ ಇಲ್ಲವೆಂದು ಕೆನ್ನೆಗೆ ಒತ್ತಿ ನೋಡಿಕೊಂಡು, ಮೊದಲ ಟೈರನ್ನು ತೊಡೆಯ ಮೇಲಿಟ್ಟುಕೊಂಡರು.